ಬಿಚ್ಚದೇ ಬಿಟ್ಟ ಹೊಲಿಗೆಗಳಿಗೆ ಒಂದು ಥ್ಯಾಂಕ್ಸ್

ಇವತ್ತು ಬೆಳಗ್ಗೆ ಸೂಜಿಗೆ ದಾರ ಪೋಣಿಸಿದೆ. ನಾನೇ, ನನ್ನ ಬಲಗೈಯಲ್ಲೇ. ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಒಳಗೆ ಹೋಯ್ತು, ಹೋದ ತಕ್ಷಣ ಖುಷಿಗೆ ಕಿರುಚಿಬಿಟ್ಟೆ, ಮತ್ತೆ ಏನೋ ಆಯ್ತು ಅಂತ ಮನೆಯವರೆಲ್ಲಾ ಇದ್ದಬದ್ದ ಕೆಲಸ ಬಿಟ್ಟು ಓಡಿ ಬಂದ್ರು. ಒಂಬತ್ತು ವಾರದಿಂದ ನಾನು ಕೂಗಿದ್ರೆ ಓಡಿ ಬರೋದು ಇವರಿಗೆಲ್ಲಾ ರೂಢಿ ಆಗ್ಬಿಟ್ಟಿದೆ ಪಾಪ. ಅದಕ್ಕೇ ಇವತ್ತೇ ಕೂತು ಬರೀತಿದ್ದೀನಿ. ಥ್ಯಾಂಕ್ಸ್ ಹೇಳ್ಬೇಕಾದವರು ತುಂಬಾ ಜನ ಇದಾರೆ, ಎದುರಿಗೆ ಹೇಳೋಕೆ ಹೋದ್ರೆ ನಂಗೆ ಗಂಟಲು ಕಟ್ಟುತ್ತೆ, ಅವರು "ಅಯ್ಯೋ ಬಿಡಿ, ಅದೇನ್ ಮಹಾ" ಅಂತಾರೆ, ಅಲ್ಲಿಗೆ ಮಾತು ಮುಗಿದುಹೋಗುತ್ತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ಇಬ್ಬರು ಮಕ್ಕಳು, ದೊಡ್ಡವನಿಗೆ ಹತ್ತು, ಚಿಕ್ಕವಳಿಗೆ ಐದು. ಹೊರಗಿನ ಕೆಲಸ, ಮನೆ ಕೆಲಸ, ಮಧ್ಯದಲ್ಲಿ ಎಲ್ಲಾದ್ರೂ ಅರ್ಧ ಗಂಟೆ ಸಿಕ್ಕಿದ್ರೆ ಹಳೇ ಬಟ್ಟೆ, ರಟ್ಟು, ಬಾಟಲಿ ಮುಚ್ಚಳ ಹರಡ್ಕೊಂಡು ಏನಾದ್ರೂ ಮಾಡ್ತಾ ಕೂರೋದು ನನ್ನ ಅಭ್ಯಾಸ. ಶುರುವಾಗಿದ್ದು ದುಡ್ಡು ಉಳಿಸೋಕೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಚಟ ಆಯ್ತು. ಈಗ ಮನೇಲಿ ಯಾರೂ ನನ್ನ ಕೇಳದೇ ಒಂದು ಖಾಲಿ ಡಬ್ಬಿನೂ ಬಿಸಾಡೋ ಹಾಗಿಲ್ಲ.

ಆದ್ರೆ ಈ ಉಳಿತಾಯದ ಲೆಕ್ಕದಲ್ಲಿ ನಷ್ಟದ ಕಾಲಮ್ಮೂ ಇದೆ. ಗಡಿಬಿಡೀಲಿ ಒಂದು ಕೆಂಪು ಸಾಕ್ಸ್ ಬಿಳಿ ಯೂನಿಫಾರ್ಮ್ ಜೊತೆ ಮಷೀನ್‌ಗೆ ಹೋಗಿ ಮಗ ಒಂದು ವಾರ ತಿಳಿ ಗುಲಾಬಿ ಶರ್ಟ್ ಹಾಕ್ಕೊಂಡು ಓಡಾಡಿದಾನೆ. ಒಂದು ಕಾಲಿಗೊಂದು ಚಪ್ಪಲಿ ಹಾಕ್ಕೊಂಡು ನಾನು ಕೆಲಸಕ್ಕೆ ಹೋಗಿದೀನಿ, ಒಂದ್ಸಲ ಅಲ್ಲ. ಆಟಿಕೆ ಕಾರಿನ ಚಕ್ರ ಅಂಟಿಸುವಾಗ ಸೂಪರ್ ಗ್ಲೂ ಚೆಲ್ಲಿತು ಅಂತ ಹತ್ತಿ ತಗೊಂಡು ಒರೆಸೋಕೆ ಹೋದೆ, ಹತ್ತಿ ಕೈಯಲ್ಲೇ ಬಿಸಿ ಆಗಿ ಹೊಗೆ ಬಂತು! ಆಮೇಲೆ ಓದಿದಾಗ ಗೊತ್ತಾಯ್ತು, ಆ ಗೋಂದು ಹತ್ತಿ ಎಳೆ ತಗುಲಿದ್ರೆ ತುಂಬಾ ಬೇಗ ಗಟ್ಟಿಯಾಗುತ್ತಂತೆ, ಹಾಗೆ ಆಗುವಾಗ ಸುಡೋವಷ್ಟು ಶಾಖ ಬರುತ್ತಂತೆ. ದಯವಿಟ್ಟು ಯಾರೂ ಮಾಡ್ಬೇಡಿ. ಬೆರಳು ಅಂಟ್ಕೊಂಡ್ರೆ ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ, ಎಳೆದಾಡಿದ್ರೆ ಚರ್ಮನೇ ಬರುತ್ತೆ.

ಸರಿ, ಬಿದ್ದ ಕಥೆಗೆ ಬರ್ತೀನಿ.

ಚಿಕ್ಕವಳಿಗೆ ಬಲೂನಿನ ಮೇಲೆ ಪೇಪರ್ ಚೂರು ಅಂಟಿಸಿ ಬಟ್ಟಲು ಮಾಡೋಣ ಅಂತ ಮಾತು ಕೊಟ್ಟಿದ್ದೆ. ಮೈದಾ ಅಂಟು ಕಾಯಿಸ್ತಿದ್ದೆ, ಒಂದು ಲೋಟ ಹಿಟ್ಟಿಗೆ ನಾಲ್ಕು ಲೋಟ ನೀರು, ಗಂಟಾಗದ ಹಾಗೆ ಕದಡ್ತಾನೇ ಇರ್ಬೇಕು, ಒಂದು ಹದಕ್ಕೆ ಬಂದು ಹೊಳೆಯೋಕೆ ಶುರುವಾದಾಗ ಇಳಿಸ್ಬೇಕು. ಸರಿಯಾಗಿ ಆ ಹೊತ್ತಿಗೇ ಫೋನು ಬಂತು, ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಗಿಸ್ಕೊಂಡು ಪಾತ್ರೆ ಇಳಿಸಿದೆ, ದೊಡ್ಡವನು ರೂಮಿಂದ "ಅಮ್ಮಾ ನಂದು ಇನ್ನೊಂದು ಶೂ" ಅಂತ ಕೂಗ್ದ, ತಿರುಗಿದೆ, ಅಂಟು ಸ್ವಲ್ಪ ನೆಲಕ್ಕೆ ಚೆಲ್ಲಿತು, ನೋಡಿದೆ ಕೂಡ, ಒಂದ್ನಿಮಿಷ ಆಮೇಲೆ ಒರೆಸ್ತೀನಿ ಅಂದ್ಕೊಂಡು ಶೂ ಹುಡುಕೋಕೆ ಹೊರಟೆ, ನಾನೇ ಕಾಯಿಸಿದ ಅಂಟಿನ ಮೇಲೆ ನಾನೇ ಜಾರಿ ಬಿದ್ದೆ. ಅಂಟೋದಕ್ಕೆ ಅಂತ ಮಾಡಿದ್ದು, ಜಾರೋದ್ರಲ್ಲಿ ಮಾತ್ರ ಎಣ್ಣೆಗಿಂತ ಒಂದು ಕೈ ಮೇಲು. ಬೀಳುವಾಗ ಬಲಗೈ ಊರಿದೆ, ಮಣಿಕಟ್ಟಿನ ಹತ್ರ ಮೂಳೆ ಬಿರುಕು ಬಿಟ್ಟಿತು.

ಮೊದಲ ಥ್ಯಾಂಕ್ಸ್ ಪ್ಲಾಸ್ಟರ್ ಹಾಕಿದ ಡಾಕ್ಟರಮ್ಮನಿಗೆ. ನೋವಲ್ಲಿ ಅಳ್ತಾ ಕೂತಿದ್ದವಳು ಅವರು ಕೆಲಸ ಶುರು ಮಾಡಿದ್ಮೇಲೆ ಅಳೋದು ಬಿಟ್ಟು ನೋಡೋಕೆ ಶುರು ಮಾಡ್ದೆ. ಪಟ್ಟಿ ನೀರಲ್ಲಿ ಅದ್ದಿ, ಹಿಂಡಿ, ಸುತ್ತಿ, ಅಂಗೈಯಲ್ಲಿ ನೇವರಿಸಿ ಗಾಳಿ ಗುಳ್ಳೆ ತೆಗೆದು, ಮತ್ತೆ ಇನ್ನೊಂದು ಪದರ. ನಾನು ಬಲೂನಿಗೆ ಮಾಡೋದು ಇದೇ ಅಲ್ವಾ! ಬಾಯಿ ತಪ್ಪಿ ಹೇಳಿಯೂ ಬಿಟ್ಟೆ. ಅವರು ನಕ್ಕು, "ನಿಮ್ಮ ಬಟ್ಟಲು ಒಣಗೋಕೆ ಎಷ್ಟು ದಿನ ಬೇಕು?" ಅಂದ್ರು. ಪದರಕ್ಕೊಂದು ದಿನ ಅಂದೆ. "ನಮ್ಮದು ಹತ್ತು ನಿಮಿಷಕ್ಕೆ ಗಟ್ಟಿ, ಪೂರ್ತಿ ಒಣಗೋಕೆ ಮಾತ್ರ ಒಂದೆರಡು ದಿನ ಬೇಕು, ಅಲ್ಲಿವರೆಗೂ ಹುಷಾರು, ಈಗ ಸ್ವಲ್ಪ ಬಿಸಿ ಆಗುತ್ತೆ ಗಾಬರಿ ಆಗ್ಬೇಡಿ" ಅಂದ್ರು. ನಿಜವಾಗ್ಲೂ ಬೆಚ್ಚಗಾಯ್ತು. ಆ ಪುಡಿ ನೀರು ಕುಡಿದು ಕಲ್ಲಾಗುವಾಗ ಶಾಖ ಬಿಡುತ್ತೆ ಅಂತ ಹೇಳಿದ್ರು. ಆರು ವಾರ ಬಿಚ್ಚೋ ಹಾಗಿಲ್ಲ ಅಂತಲೂ ಹೇಳಿದ್ರು, ಆಗ ಮತ್ತೆ ಅಳು ಬಂತು.

ಯಾಕಂದ್ರೆ ಮನೇಲಿ ಎರಡು ಕೆಲಸ ಅರ್ಧಕ್ಕೆ ನಿಂತಿತ್ತು. ಒಂದು, ಸ್ಕೂಲ್ ನಾಟಕಕ್ಕೆ ಚಿಕ್ಕವಳ ಮರದ ವೇಷ, ಹತ್ತು ದಿನದಲ್ಲಿ ಬೇಕು. ಇನ್ನೊಂದು ಕೌದಿ. ಇಬ್ಬರು ಮಕ್ಕಳ ಚಿಕ್ಕದಾದ ಕಾಟನ್ ಬಟ್ಟೆಯೆಲ್ಲಾ ಎರಡು ವರ್ಷ ಕೂಡಿಟ್ಟು, ಎಂಬತ್ತು ಚೌಕದ ಲೆಕ್ಕ ಹಾಕಿ, ಮೂವತ್ತು ಮಾತ್ರ ಕತ್ತರಿಸಿ ಜೋಡಿಸಿದ್ದೆ.

ಇಲ್ಲಿ ನನ್ನ ಒಂದು ಕೆಟ್ಟ ಗುಣ ಹೇಳ್ಲೇಬೇಕು. ಬೇರೆಯವರು ಮಾಡಿದ ಕೆಲಸ ನನಗೆ ಆಗಿಬರಲ್ಲ. ಅತ್ತೆ ಗುಂಡಿ ಹೊಲಿದಿಟ್ರೆ ಅವರು ಆಚೆ ಹೋದ್ಮೇಲೆ ಬಿಚ್ಚಿ ಮತ್ತೆ ಹೊಲಿದಿದೀನಿ. ಅವರಿಗೆ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ.

ವೇಷದ ಜವಾಬ್ದಾರಿ ನಮ್ಮನೆಯವರು ತಗೊಂಡ್ರು. ಅದುವರೆಗೂ ಕತ್ತರಿ ಎಲ್ಲಿರುತ್ತೆ ಅಂತಾನೂ ಗೊತ್ತಿಲ್ಲದ ಮನುಷ್ಯ. ಫ್ರಿಜ್ಜಿನ ರಟ್ಟಿನ ಡಬ್ಬ ಅಟ್ಟದಿಂದ ಇಳಿಸಿ, ಸುತ್ತಿ, ಹಾಟ್ ಗ್ಲೂ ಗನ್ ಹಿಡಿದ್ರು. ನಮ್ಮ ಗನ್ನಲ್ಲಿ ಅಂಟು ಸುಮಾರು 190 ಡಿಗ್ರಿ ಬಿಸೀಲಿ ಕರಗಿ ಬರುತ್ತೆ, ತೊಟ್ಟಿಕ್ಕಿದ್ದನ್ನ ಬೆರಳಲ್ಲಿ ಒರೆಸ್ಬೇಡಿ ಅಂತ ಹೇಳಿದ ಮರುಗಳಿಗೆಗೆ ಬೆರಳಲ್ಲಿ ಒರೆಸಿದ್ರು. ಟೂತ್‌ಪೇಸ್ಟ್ ಹಚ್ಚೋಕೆ ಓಡ್ತಿದ್ದವರನ್ನ ನಾನು ಕಿರುಚಿ ನಲ್ಲಿ ಕೆಳಗೆ ನಿಲ್ಲಿಸಿದೆ, 20 ನಿಮಿಷ ತಣ್ಣೀರು, ಐಸೂ ಬೇಡ ಪೇಸ್ಟೂ ಬೇಡ. ಮಗ ಗಡಿಯಾರ ಹಿಡಿದು ಎಣಿಸ್ದ. ಅಷ್ಟಾದ್ರೂ ಮನುಷ್ಯ ಬಿಡ್ಲಿಲ್ಲ, ರಾತ್ರಿ ಹನ್ನೊಂದರವರೆಗೂ ಕೂತು ತೊಗಟೆಗೆ ಅಂತ ಪೇಪರ್ ಮುದುರಿ ಮುದುರಿ ಅಂಟಿಸಿ, ಮೇಲೆ ಬ್ರೌನ್ ಬಣ್ಣ ಹೊಡೆದು, ನೋಡಿದ್ರೆ ನಿಜವಾದ ಮರದ ತರಾನೇ ಇತ್ತು ರೀ. ಒಂದೇ ತೊಂದರೆ, ಮರಕ್ಕೆ ಕೈ ಆಡ್ಸೋಕೆ ತೂತು ಇರ್ಲಿಲ್ಲ, ಕೂರೋಕಂತೂ ಆಗ್ತಿರ್ಲಿಲ್ಲ. ನಾಟಕದ ದಿನ ಮರ ಸ್ಟೇಜ್ ಪಕ್ಕದ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡಿತು, ಇಬ್ಬರು ಟೀಚರ್‌ಗಳು ಅಡ್ಡ ಮಲಗಿಸಿ ಎತ್ಕೊಂಡು ಹೋಗಿ ನಿಲ್ಲಿಸಿದ್ರು. ಇಡೀ ಹಾಲ್ ಚಪ್ಪಾಳೆ. ಚಿಕ್ಕವಳು ಈಗಲೂ "ನನ್ನನ್ನ ಮಾತ್ರ ಎತ್ಕೊಂಡು ಬಂದ್ರು" ಅಂತ ಎಲ್ಲರ ಹತ್ರ ಹೇಳ್ತಾಳೆ. ಆ ಇಬ್ಬರು ಟೀಚರ್‌ಗಳಿಗೆ ನನ್ನ ದೊಡ್ಡ ನಮಸ್ಕಾರ.

ಇನ್ನು ಜಡೆ. ಈ ಮನೇಲಿ ಜಡೆ ಹಾಕೋಕೆ ಬರೋದು ನನಗೊಬ್ಬಳಿಗೆ, ಅತ್ತೆಗೆ ಬೆರಳು ನೋವು. ಮೊದಲ ಎರಡು ದಿನ ಅವರಪ್ಪ ಹಾಕಿದ ಜುಟ್ಟು ಸ್ಕೂಲ್ ಗೇಟ್ ದಾಟೋ ಮೊದಲೇ ಬಿಚ್ಚಿಹೋಯ್ತು. ಆಗ ದೊಡ್ಡವನು, ಯಾರೂ ಹೇಳಿರ್ಲಿಲ್ಲ, ನನ್ನ ಟೀ ಶರ್ಟ್ ನೂಲಿನ ಉಂಡೆ ತಗೊಂಡ. ಹಳೇ ಟೀ ಶರ್ಟನ್ನ ಕಂಕುಳ ಕೆಳಗೆ ಅಡ್ಡ ಕತ್ತರಿಸಿ, ಇಂಚಗಲಕ್ಕೆ ಸುರುಳಿ ತರ ಸುತ್ತ ಕತ್ತರಿಸ್ತಾ ಹೋದ್ರೆ ಎಲ್ಲೂ ಗಂಟಿಲ್ಲದ ಒಂದೇ ಉದ್ದದ ಪಟ್ಟಿ ಬರುತ್ತೆ, ಎಳೆದ್ರೆ ಅಂಚು ತಾನಾಗೇ ಒಳಕ್ಕೆ ಸುತ್ಕೊಂಡು ಹಗ್ಗದ ತರ ಆಗುತ್ತೆ, ಕಾಲೊರೆಸು ಮಾಡೋಕೆ ಅಂತ ಇಟ್ಟಿದ್ದೆ. ಅದರಲ್ಲಿ ಮೂರು ಪಟ್ಟಿ ಕುರ್ಚಿ ಬೆನ್ನಿಗೆ ಕಟ್ಕೊಂಡು "ಹೇಳಮ್ಮಾ, ಯಾವುದು ಯಾವುದರ ಮೇಲೆ" ಅಂತ ಕೂತ. ಬಲಗಡೇದು ನಡುವಿಗೆ, ಎಡಗಡೇದು ನಡುವಿಗೆ, ನಾನು ಹೇಳ್ತಾ ಹೋದೆ. ಸಂಜೆ ಹೊತ್ತಿಗೆ ಕುರ್ಚಿಗೆ ಮೂರು ಜಡೆ. ಮರುದಿನ ಬೆಳಗ್ಗೆ ತಂಗೀನ ಮುಂದೆ ಕೂರಿಸ್ಕೊಂಡು ನಾಲಿಗೆ ಕಚ್ಕೊಂಡು ಹಾಕ್ದ, ಸ್ವಲ್ಪ ಎಡಕ್ಕೆ ವಾಲಿತ್ತು, ಸಂಜೆವರೆಗೂ ಬಿಚ್ಚಲಿಲ್ಲ. ಆವತ್ತಿಂದ ಇವತ್ತಿನವರೆಗೂ ಅವನದೇ ಡ್ಯೂಟಿ. ಕ್ಲಾಸಲ್ಲಿ ಯಾರೋ ರೇಗಿಸಿದ್ರಂತೆ, ಇವನು "ನಿಂಗೆ ಬರುತ್ತಾ? ಬರಲ್ವಲ್ಲ" ಅಂದನಂತೆ. ಮಗನೇ, ನಿಂಗೆ ಏನ್ ಹೇಳ್ಲಿ.

ಕೌದಿ ವಿಷಯ ನಾನು ಮರೆತೇ ಬಿಡೋಣ ಅಂದ್ಕೊಂಡಿದ್ದೆ. ಪಕ್ಕದ ಮನೆ ಆಂಟಿ ದಿನಾ ಒಂದು ಡಬ್ಬಿ ಅಡಿಗೆ ತರ್ತಿದ್ರು, ಬಂದವರು ಮೂಲೇಲಿದ್ದ ಬಟ್ಟೆ ರಾಶಿ ನೋಡಿ "ಇದೇನ್ ಹಿಂಗೆ ಬಿದ್ದಿದೆ, ಕತ್ತರಿ ಕೊಡಿ" ಅಂತ ಕೂತೇ ಬಿಟ್ರು. ನಾನು ಆರೂವರೆ ಇಂಚಿಗೆ ಕತ್ತರಿಸಿ ಅಂದಿದ್ದೆ, ಸುತ್ತಲೂ ಕಾಲು ಕಾಲು ಇಂಚು ಹೊಲಿಗೆಗೆ ಹೋಗಿ ಆರು ಉಳಿಬೇಕು. ಅವರು ಆರು ಅಂತ ಕೇಳಿಸ್ಕೊಂಡು ಆರಕ್ಕೇ ಕತ್ತರಿಸಿದ್ರು. ಒಂದು ಸಾಲು ಪೂರ್ತಿ ಜೋಡಿಸಿ ಪಕ್ಕದ ಸಾಲಿಗೆ ಇಟ್ಟು ನೋಡಿದ್ರೆ ಗಿಡ್ಡ. ಎಂಟು ಚೌಕ, ಒಂದೊಂದರಲ್ಲಿ ಅರ್ಧ ಇಂಚು, ಒಟ್ಟು ನಾಲ್ಕು ಇಂಚು ಕಮ್ಮಿ. ಪಾಪ ಆಂಟಿ ಮುಖ ಚಿಕ್ಕದು ಮಾಡ್ಕೊಂಡ್ರು. ನನ್ನ ಕೈ ಸರಿ ಇದ್ದಿದ್ರೆ ಅವರು ಮನೆ ದಾಟೋದೇ ಕಾದಿದ್ದು ಅಷ್ಟೂ ಬಿಚ್ಚಿ ಹಾಕಿರ್ತಿದ್ದೆ, ದೇವರಾಣೆ. ಒಂದು ಕೈಯಲ್ಲಿ ಬಿಚ್ಚೋದು ಹೇಗೆ?

ನಮ್ಮನೆಯವರು ಅವರ ಹಳೇ ಜೀನ್ಸ್ ಕಾಲಿನಿಂದ ಒಂದು ಪಟ್ಟಿ ಕತ್ತರಿಸಿ ಆ ನಾಲ್ಕು ಇಂಚು ತುಂಬೋಣ ಅಂದ್ರು. ಮಷೀನಲ್ಲಿ 11 ನಂಬರ್ ಸೂಜಿ ಇತ್ತು, ಜೀನ್ಸ್ ಮಡಿಕೆ ಬಂದ ಕಡೆ ಟಕ್ ಅಂತ ಮುರೀತು. ಇನ್ನೊಂದು ಹಾಕಿದ್ರು, ಅದೂ ಹೋಯ್ತು. ಆಮೇಲೆ ನಾನು ಎಡಗೈಯಲ್ಲಿ ಡಬ್ಬಿ ತಡಕಾಡಿ 16 ನಂಬರ್ ಹುಡುಕಿ ಕೊಟ್ಟೆ, ದಪ್ಪ ಮಡಿಕೇನ ಸುತ್ತಿಗೆಯಲ್ಲಿ ಹೊಡೆದು ಚಪ್ಪಟೆ ಮಾಡ್ಕೊಳ್ಳಿ ಅಂದೆ. ಹೊಲಿಗೆ ಅಂದ್ರೆ ಸುತ್ತಿಗೆ ಬೇಕು ಅಂತ ಗೊತ್ತಿದ್ರೆ ಮೊದಲೇ ಬರ್ತಿದ್ದೆ ಅಂದ್ರು. ಕೆಲಸದ ಕಡೆಯ ಗೆಳತಿಯರು ಇಬ್ಬರು ಒಂದು ಭಾನುವಾರ ಬಂದು ಉಳಿದ ಸಾಲು ಜೋಡಿಸಿದ್ರು, ಅವರಲ್ಲೊಬ್ಬಳು ನನ್ನ ಪಾಲಿನ ಕೆಲಸಾನೂ ಆರು ವಾರ ಮಾಡಿದಾಳೆ, ಅವಳಿಗೆ ಬೇರೆ ಋಣ ಇದೆ, ಅದನ್ನ ಇಲ್ಲಿ ತೀರಿಸೋಕಾಗಲ್ಲ. ಅಡಿಪದರ ಹಾಕಿ ಮೇಲಿಂದ ಉದ್ದಕ್ಕೂ ಕೈಹೊಲಿಗೆ ಹಾಕಿದ್ದು ಅತ್ತೆ, ಬೆರಳು ನೋವು ಇಟ್ಕೊಂಡೇ, ಮಧ್ಯಾಹ್ನ ನಾನು ಮಲಗಿರುವಾಗ.

ಪ್ಲಾಸ್ಟರ್ ಬಿಚ್ಚಿದ್ಮೇಲೆ ಕೈ ನೋಡಿ ನಂಗೇ ಗುರುತು ಸಿಗ್ಲಿಲ್ಲ, ಸಣ್ಣ ಆಗಿ, ಒಣಗಿ, ಮುಷ್ಟಿ ಕಟ್ಟೋಕೆ ಬರ್ತಿರ್ಲಿಲ್ಲ. ಫಿಸಿಯೋಥೆರಪಿಸ್ಟ್ ಮೆತ್ತಗಿನ ಚೆಂಡು ಹಿಸುಕಿ ಅಂದ್ರು, ಇಲ್ಲಾಂದ್ರೆ ಸುತ್ತಿದ ಸಾಕ್ಸ್ ಆದ್ರೂ ಆಗುತ್ತೆ ಅಂದ್ರು. ಜೋಡಿ ಕಳ್ಕೊಂಡ ಒಂಟಿ ಸಾಕ್ಸ್‌ಗಳ ಡಬ್ಬಿ ಇದೆ ನನ್ನ ಹತ್ರ, ಎಂದಾದ್ರೂ ಗೊಂಬೆ ಮಾಡ್ತೀನಿ ಅಂತ ಇಟ್ಟಿದ್ದು, ಮನೆಯವರು ವರ್ಷಗಳಿಂದ ಬಿಸಾಡು ಅಂತಿದ್ದಿದ್ದು. ಯೂನಿಫಾರ್ಮ್ ಗುಲಾಬಿ ಮಾಡಿದ ಆ ಕೆಂಪು ಸಾಕ್ಸೇ ಕೈಗೆ ಸಿಕ್ತು. ಮೂರು ವಾರ ಅದನ್ನೇ ಹಿಸುಕಿದೀನಿ, ಹಳೇ ಸಿಟ್ಟೂ ತೀರ್ತು. ಪ್ರತಿ ಸಲ "ಇನ್ನೈದು, ಇನ್ನೈದೇ" ಅಂತ ಪಟ್ಟು ಹಿಡಿದು ಮಾಡಿಸಿದ ಆ ಫಿಸಿಯೋ ಹುಡುಗಿಗೆ ಥ್ಯಾಂಕ್ಸ್, ಆಗ ಮನಸ್ಸಲ್ಲಿ ಬೈದಿದ್ದಕ್ಕೆ ಸಾರಿ.

ಕೌದಿ ಈಗ ಮಕ್ಕಳ ಮಂಚದ ಮೇಲಿದೆ. ಒಂದು ಸಾಲು ಗಿಡ್ಡ, ತುದೀಲಿ ಜೀನ್ಸ್ ಪಟ್ಟಿ, ಅದರಲ್ಲಿ ಒಂದು ಜೇಬು ಹಾಗೇ ಉಳಿದಿದೆ, ಚಿಕ್ಕವಳು ಅದರಲ್ಲಿ ಕ್ರೇಯಾನ್ ಬಚ್ಚಿಡ್ತಾಳೆ. ಹೊಲಿಗೆ ಒಂದೊಂದು ಕಡೆ ಒಂದೊಂದು ತರ, ಯಾವುದು ಯಾರದ್ದು ಅಂತ ಕಣ್ಣು ಮುಚ್ಚಿ ಬೆರಳಾಡಿಸಿ ಹೇಳ್ತೀನಿ. ಕೈ ಬಂದ್ಮೇಲೂ ಒಂದನ್ನೂ ಬಿಚ್ಚಿಲ್ಲ.

ಅಂಚಿನ ಒಂದು ಮೂಲೆ ಮಾತ್ರ ಗೇಣುದ್ದ ಹೊಲಿಯದೇ ಬಿಟ್ಟಿದ್ರು ಅತ್ತೆ. ಮರೆತಿದಾರೆ ಅಂದ್ಕೊಂಡಿದ್ದೆ. ಇವತ್ತು ನಾನು ದಾರ ಪೋಣಿಸಿ ಎಲ್ಲರೂ ಓಡಿ ಬಂದಾಗ ಅವರೇ ಕೌದಿ ತಂದು ಮಡಿಲಿಗೆ ಹಾಕಿ, ಆ ಮೂಲೆ ಬಿಡಿಸಿ ಇಟ್ರು. "ಇದು ನಿಂದು" ಅಂದ್ರು. ಕೈ ನಡುಗ್ತಾ ಅರ್ಧ ಗಂಟೆ ತಗೊಂಡು ಹೊಲಿದೆ, ಒಂದು ಎಳೆ ಉದ್ದ, ಒಂದು ಗಿಡ್ಡ, ಕೊನೆಗೆ ಗಂಟು ಮೇಲೇ ಬಂತು, ಇಡೀ ಕೌದೀಲಿ ಅಷ್ಟು ಕೆಟ್ಟ ಹೊಲಿಗೆ ಇನ್ನೊಂದಿಲ್ಲ. ಅತ್ತೆ ಕನ್ನಡಕ ಮೇಲೇರಿಸಿ ಹತ್ರ ಹಿಡಿದು ನೋಡಿದ್ರು.

"ನೀನು ಆಚೆ ಹೋದ್ಮೇಲೆ ಬಿಚ್ಚಿ ಹಾಕ್ಲಾ?" ಅಂದ್ರು.