ಬಂದರಿನಲ್ಲಿ ಇಳಿದ ಮೇಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿ ತುಂಬಾ ಖುಷಿಯಾಯಿತು. ಅಪ್ಪ ಅಮ್ಮನನ್ನು ಮೆಡಿಟರೇನಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದೀಯ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ಇಟಲಿಯ ಲಿವೋರ್ನೋ, ಚಿವಿತಾವೆಕ್ಕಿಯಾ, ನೇಪಲ್ಸ್, ಗ್ರೀಸ್‌ನ ಸ್ಯಾಂಟೊರಿನಿ, ಟರ್ಕಿಯ ಕುಶಾದಸಿ ನೋಡಿ, ಕೊನೆಗೆ ಅಥೆನ್ಸ್ ಪಕ್ಕದ ಪಿರೇಯಸ್‌ನಲ್ಲಿ ಇಳಿಯುವುದು. ಬಹಳ ಒಳ್ಳೆಯ ದಾರಿ.

ನೀನು ಕೇಳಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ. ಬಂದರುಗಳಲ್ಲಿ ಇಳಿದಾಗ ಊರು ನೋಡಲು ಹಡಗಿನವರ ಟೂರ್ ತಗೋಬೇಕಾ, ಇಲ್ಲಾ ನಾವೇ ಹೊರಗಡೆ ಬುಕ್ ಮಾಡಿಕೊಂಡರೆ ಸಾಕಾ? ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡಿರುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ, ಬೇಜಾರಿಲ್ಲ ಅಲ್ವಾ?

ಎರಡರ ಬೆಲೆಗೂ ಎಷ್ಟು ವ್ಯತ್ಯಾಸ ಅಂತ ಕೇಳಿದ್ದೀಯ. ವ್ಯತ್ಯಾಸ ಜಾಸ್ತಿಯೇ ಇದೆ. ಆದರೆ ಅದಕ್ಕೂ ಮೊದಲು ಚಿವಿತಾವೆಕ್ಕಿಯಾದಲ್ಲಿ ನಮಗಾದದ್ದನ್ನು ಹೇಳಬೇಕು.

ಚಿವಿತಾವೆಕ್ಕಿಯಾ ಅಂದರೆ ರೋಮ್‌ನ ಬಂದರು. ಹೆಸರಿಗೆ ರೋಮ್, ಊರು ಇರುವುದು 70 ಕಿ.ಮೀ.ಗೂ ಆಚೆ. ಹಡಗಿನ ಟೂರ್ ಪಟ್ಟಿ ನೋಡಿದಾಗ ನಮ್ಮ ಮೂವರಿಗೂ ಸೇರಿ ಆಗುವ ಮೊತ್ತಕ್ಕೆ ಎದೆ ಧಸಕ್ಕೆಂದಿತು. ರೈಲಿಗಾದರೆ ಆಗ ತಲೆಗೆ ಐದು ಯೂರೋ ಆಸುಪಾಸು ಇತ್ತು. ಹಡಗಿನ ಬುಡದಿಂದ ಬಂದರಿನ ಗೇಟಿನವರೆಗೆ ಪುಕ್ಕಟೆ ಬಸ್ಸಿದೆ, ಅಲ್ಲಿಂದ ಸ್ಟೇಷನ್ ದೂರವಿಲ್ಲ, ಸುಮಾರು ಒಂದು ಗಂಟೆಯಲ್ಲಿ ಸ್ಯಾನ್ ಪಿಯೆತ್ರೋ ಸ್ಟೇಷನ್. ಅಲ್ಲಿಂದ ವ್ಯಾಟಿಕನ್‌ಗೆ ನಡೆದೇ ಹೋಗಬಹುದು. ಹಾಗೇ ಹೋದೆವು. ಬೆಳಗ್ಗೆ ಎಲ್ಲವೂ ಗಡಿಯಾರದ ಹಾಗೆ ನಡೆಯಿತು. ಸೇಂಟ್ ಪೀಟರ್ಸ್ ಒಳಗೆ ಅಮ್ಮ ತಲೆಯೆತ್ತಿ ಆ ಗುಮ್ಮಟ ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಅವರನ್ನು ಯಾರೂ ‘ಬೇಗ ಬನ್ನಿ’ ಅನ್ನಲಿಲ್ಲ. ಆ ಅರ್ಧ ಗಂಟೆಗೆ ನಾನು ಎಷ್ಟು ದುಡ್ಡಾದರೂ ಕೊಡುತ್ತೇನೆ.

ಮಧ್ಯಾಹ್ನ ಸ್ಟೇಷನ್ನಿಗೆ ವಾಪಸ್ ಬಂದೆವು. ನಮ್ಮ ರೈಲಿನ ಮುಂದೆ ‘ಕಾಂಚೆಲ್ಲಾತೋ’ ಅಂತ ಬೋರ್ಡಿನಲ್ಲಿ ಬಂತು. ರದ್ದಾಗಿದೆ ಅಂತ. ಯಾಕೆ ಅಂತ ಹೇಳುವವರಿಲ್ಲ. ಮುಂದಿನ ರೈಲು ಬಂದಾಗ ಎರಡು ರೈಲಿನ ಜನ ಒಂದಕ್ಕೇ ನುಗ್ಗಿದರು. ಅಮ್ಮನಿಗೆ ಸೀಟು ಸಿಗಲಿಲ್ಲ. ಆಮೇಲೆ ಒಬ್ಬ ಹುಡುಗ ಎದ್ದು ಜಾಗ ಕೊಟ್ಟ. ನಡುವೆ ಎಲ್ಲೋ ರೈಲು ಸುಮ್ನೆ ನಿಂತುಬಿಟ್ಟಿತು. ನಾನು ಕೈಗಡಿಯಾರ ನೋಡುವುದನ್ನು ಅಮ್ಮ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಕೊನೆಗೆ ಹಡಗಿನ ಮೆಟ್ಟಿಲು ಎತ್ತುವುದಕ್ಕೆ 20 ನಿಮಿಷ ಇದ್ದಾಗ ತಲುಪಿದೆವು. ರೂಮಿಗೆ ಹೋದ ಮೇಲೆ ಅಮ್ಮ ಬಿ.ಪಿ. ಮಾತ್ರೆ ತಗೊಂಡು ಮಲಗಿದವರು ರಾತ್ರಿ ಊಟಕ್ಕೂ ಏಳಲಿಲ್ಲ.

ಅವತ್ತಿನಿಂದ ನಾನು ಯಾವ ಬಂದರಾದರೂ ಮೊದಲು ವಾಪಸ್ ಬರುವ ದಾರಿಯನ್ನೇ ನೋಡುತ್ತೇನೆ. ಈ ರೈಲು ತಪ್ಪಿದರೆ ಇನ್ನೊಂದು ಇದೆಯಾ? ಅದೂ ತಪ್ಪಿದರೆ ಟ್ಯಾಕ್ಸಿಯಲ್ಲಿ ಬರುವಷ್ಟು ಹೊತ್ತು ಉಳಿದಿರುತ್ತದಾ? ಇಟಲಿಯಲ್ಲಿ ರೈಲು ಮುಷ್ಕರವೂ ಆಗಾಗ ಇರುತ್ತದೆ. ಮುಂಚೆಯೇ ತಿಳಿಸಿರುತ್ತಾರೆ, ಆದರೆ ನಾವು ಹುಡುಕಿ ನೋಡಬೇಕು.

ಹಡಗಿನ ಟೂರ್‌ಗೆ ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದು ಮುಖ್ಯವಾಗಿ ಈ ನೆಮ್ಮದಿ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗಲೇ ಇಲ್ಲ ಅಂದರೆ ಮುಂದಿನ ಬಂದರಿಗೆ ಕಳಿಸುವ ಜವಾಬ್ದಾರಿ ಅವರದು. ನೀನೇ ಹೋಗಿ ತಡ ಮಾಡಿದರೆ ಯಾರೂ ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ತೊಮೆ ದ್ವೀಪದಲ್ಲಿ ಏನಾಯಿತು ಗೊತ್ತಾ? ಹೊರಗಡೆ ಟೂರ್ ಬುಕ್ ಮಾಡಿಕೊಂಡಿದ್ದ ಎಂಟು ಜನ ತಡವಾಗಿ ಬಂದರು. ಹಡಗು ಇನ್ನೂ ಕಣ್ಣೆದುರೇ ಇತ್ತು, ಆದರೂ ಹತ್ತಿಸಿಕೊಳ್ಳಲಿಲ್ಲ. ಗ್ಯಾಂಬಿಯಾದಲ್ಲಿ ಹಿಡಿಯೋಣ ಅಂತ ಹೋದರೆ ಸಮುದ್ರದ ಇಳಿತದಿಂದಾಗಿ ಹಡಗು ಅಲ್ಲಿಗೆ ಬರಲೇ ಇಲ್ಲ. ದೇಶದಿಂದ ದೇಶಕ್ಕೆ ಓಡಾಡಿ ಕೊನೆಗೆ ಸೆನೆಗಲ್‌ನ ಡಾಕರ್‌ನಲ್ಲಿ ಹಡಗು ಹತ್ತಿದರು.

ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡು ಹಾಗೆ ಓಡಾಡುವುದು ಇನ್ನೂ ಕಷ್ಟ. ಇದನ್ನು ಅಮೆರಿಕದವರೋ ಇಂಗ್ಲೆಂಡಿನವರೋ ಕೊಡುವ ಸಲಹೆಗಳಲ್ಲಿ ನೀನು ಕಾಣುವುದಿಲ್ಲ, ಅವರಿಗೆ ಈ ತೊಂದರೆ ಇಲ್ಲ. ಸ್ಯಾಂಟೊರಿನಿಯಲ್ಲಿ ಹಡಗು ತಪ್ಪಿತು ಅಂದುಕೋ. ಮುಂದಿನ ಬಂದರು ಟರ್ಕಿಯದು. ವಿಮಾನದಲ್ಲಿ ಅಲ್ಲಿಗೆ ಹೋಗಿ ಇಳಿಯಲು ಟರ್ಕಿ ವೀಸಾ ಬೇಕು. ಟರ್ಕಿಯಿಂದ ಮತ್ತೆ ಗ್ರೀಸ್‌ಗೆ ಬರಲು ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಮಲ್ಟಿಪಲ್ ಎಂಟ್ರಿಯದೇ ಆಗಿರಬೇಕು. ಸಿಂಗಲ್ ಎಂಟ್ರಿ ಆಗಿದ್ದರೆ ಟರ್ಕಿಗೆ ಹೋದ ಕೂಡಲೇ ಅದರ ಕಥೆ ಮುಗಿಯಿತು. ಮೂವರ ವೀಸಾದಲ್ಲೂ ‘ಮಲ್ಟ್’ ಅಂತ ಇದೆಯಾ ಅಂತ ಇವತ್ತೇ ತೆಗೆದು ನೋಡು. ಟರ್ಕಿ ವೀಸಾ ಬಗ್ಗೆ ಹಡಗಿನವರನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತಗೋ. ಇನ್ನೊಂದು ವಿಷಯ, ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಊರು ನೋಡಲು ಇಳಿಯುವಾಗ ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್, ಅಪ್ಪ ಅಮ್ಮನ ಎರಡು ದಿನದ ಮಾತ್ರೆ, ಸ್ವಲ್ಪ ಯೂರೋ ನೋಟು ನಿನ್ನ ಚೀಲದಲ್ಲಿರಲಿ. ದಿನಾ ರೂಮಿಗೆ ಬರುವ ಕಾರ್ಯಕ್ರಮದ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಆ ಊರಿನ ಪೋರ್ಟ್ ಏಜೆಂಟ್ (ಬಂದರಿನಲ್ಲಿ ಹಡಗಿನವರ ಪರವಾಗಿ ಕೆಲಸ ನೋಡಿಕೊಳ್ಳುವವರು) ನಂಬರ್ ಇರುತ್ತದೆ, ಅದರ ಫೋಟೋ ತೆಗೆದುಕೋ.

ಇಷ್ಟು ಹೇಳಿದೆ ಅಂತ ಎಲ್ಲ ಕಡೆ ಹಡಗಿನ ಟೂರನ್ನೇ ಹಿಡಿಯಬೇಡ. ಲಿವೋರ್ನೋದಲ್ಲಿ ನಾವು ಅದನ್ನೂ ಮಾಡಿದ್ದೆವು. ಅಂಗಿಗೊಂದು ನಂಬರ್ ಸ್ಟಿಕ್ಕರ್, ಕಿವಿಗೊಂದು ಯಂತ್ರ, ಬಸ್ಸಿನಲ್ಲಿ 40ಕ್ಕೂ ಹೆಚ್ಚು ಜನ. ಫ್ಲಾರೆನ್ಸ್ ತಲುಪಲು ಒಂದೂವರೆ ಗಂಟೆ. ಇಳಿದ ಮೇಲೆ ಎಲ್ಲರೂ ಶೌಚಾಲಯಕ್ಕೆ ಹೋಗಿ ಬರುವ ತನಕ ಕಾಯುವುದು. ಆಮೇಲೆ ಒಂದು ಚರ್ಮದ ಅಂಗಡಿ. ನಮಗೆ ಬೇಡವಾಗಿದ್ದ ಆ ಅಂಗಡಿಯಲ್ಲಿ ಕಳೆದಷ್ಟು ಹೊತ್ತನ್ನು ಆ ದೊಡ್ಡ ಕತೀಡ್ರಲ್ ಮುಂದೆ ಕಳೆಯಲಿಲ್ಲ. ಮಧ್ಯಾಹ್ನದ ಊಟಕ್ಕೆ ‘ವೆಜ್’ ಅಂತ ಬರೆಸಿದ್ದರೂ ಅಮ್ಮನ ತಟ್ಟೆಗೆ ಬಂದದ್ದು ಎಲೆ ಮತ್ತು ಬ್ರೆಡ್. ಬೇಜಾರಾಯಿತು.

ಹಡಗಿನ ಟೂರ್ ಅಂದ ಕೂಡಲೇ ಅದು ಹಡಗಿನವರೇ ನಡೆಸುವುದು ಅಂತಲೂ ತಿಳಿಯಬೇಡ. ಬಸ್ಸು, ಗೈಡ್ ಎಲ್ಲ ಆ ಊರಿನ ಕಂಪನಿಯವರದು. ಹಡಗಿನವರು ಮಾರುತ್ತಾರೆ, ಅಷ್ಟೇ. ಟಿಕೆಟ್ಟಿನ ಕರಾರಿನಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತಾರೆ. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವೈಟ್ ಐಲೆಂಡ್ ಜ್ವಾಲಾಮುಖಿ ಸಿಡಿದಾಗ ದ್ವೀಪದ ಮೇಲೆ 47 ಜನ ಇದ್ದರು. 22 ಜನ ತೀರಿಕೊಂಡರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕ್ರೂಸ್ ಹಡಗಿನಿಂದ ಟೂರ್‌ಗೆ ಬಂದವರು. ಆ ಸುದ್ದಿ ಓದಿದಾಗಿನಿಂದ ನನಗೆ ಒಂದು ಅಭ್ಯಾಸ. ಹಡಗು ಮಾರುತ್ತಿದೆ ಅಂತ ಸುಮ್ಮನಾಗದೆ, ಹೋಗುವ ಜಾಗದ ಬಗ್ಗೆ ನಾನೇ ಓದುತ್ತೇನೆ. ಸಮಯಕ್ಕೆ ಸಿಗುವ ಗ್ಯಾರಂಟಿ ಬೇರೆ, ಜೀವಕ್ಕೆ ಗ್ಯಾರಂಟಿ ಬೇರೆ.

ಈಗ ನಿನ್ನ ಬಂದರುಗಳಿಗೆ ಬರುತ್ತೇನೆ.

ಲಿವೋರ್ನೋದಲ್ಲಿ ಫ್ಲಾರೆನ್ಸ್ ಆಸೆ ಬಿಟ್ಟುಬಿಡು. ರೈಲಿನಲ್ಲಿ ಪೀಸಾ ಕಾಲು ಗಂಟೆಯ ಚಿಲ್ಲರೆ ದಾರಿ. ಗೋಪುರ ನೋಡಿ, ಹುಲ್ಲಿನ ಪಕ್ಕ ಕೂತು, ನಿಧಾನವಾಗಿ ಬರಬಹುದು. ಅದನ್ನು ನೀವೇ ಮಾಡಿ. ಒಂದು ನೆನಪಿಡು, ಅದು ಸರಕು ಬಂದರು, ಒಳಗೆ ನಡೆದು ಹೋಗಲು ಬಿಡುವುದಿಲ್ಲ. ಊರಿನ ನಡುವಿನವರೆಗೆ ಶಟಲ್ ಬಸ್ಸಿನಲ್ಲೇ ಹೋಗಬೇಕು.

ರೋಮ್‌ಗೆ, ನಿನ್ನ ಜೊತೆ ಅಪ್ಪ ಅಮ್ಮ ಇರುವುದರಿಂದ, ನಾನು ರೈಲು ಹೇಳುವುದಿಲ್ಲ. ಹಡಗಿನ ಪಟ್ಟಿಯಲ್ಲಿ ಗೈಡ್ ಇಲ್ಲದೆ ಬಸ್ಸು ಮಾತ್ರ ಕೊಡುವ ಒಂದು ಆಯ್ಕೆ ಇರುತ್ತದೆ. ಬೆಳಗ್ಗೆ ರೋಮ್‌ನಲ್ಲಿ ಬಿಟ್ಟು, ಸಂಜೆ ಅದೇ ಜಾಗದಿಂದ ಕರೆತರುತ್ತಾರೆ. ಪೂರ್ತಿ ಟೂರ್‌ಗಿಂತ ಬೆಲೆ ಕಡಿಮೆ, ನಡುವಿನ ಹೊತ್ತೆಲ್ಲ ನಿಮ್ಮದು, ವಾಪಸ್ ಬರುವ ಚಿಂತೆ ಅವರದು. ನಮಗೆ ಇದು ಮೊದಲೇ ಗೊತ್ತಿದ್ದಿದ್ದರೆ ಅಮ್ಮ ಅವತ್ತು ರಾತ್ರಿ ಊಟ ಬಿಡುತ್ತಿರಲಿಲ್ಲ.

ನೇಪಲ್ಸ್ ನನ್ನ ಇಷ್ಟದ ಬಂದರು. ಹಡಗು ಊರಿನ ನಡುವಿಗೇ ಬಂದು ನಿಲ್ಲುತ್ತದೆ. ಎಲ್ಲರೂ ಪೊಂಪೇ ಅನ್ನುತ್ತಾರೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಹಳೇ ರೋಮನ್ ಊರು. ಪೊಂಪೇ ಬಹಳ ದೊಡ್ಡದು, ಬಿಸಿಲು, ಕಲ್ಲಿನ ದಾರಿ, ನಿನ್ನಮ್ಮನ ಮಂಡಿಗೆ ಕಷ್ಟ. ಈಗ ದಿನಕ್ಕೆ 20,000 ಜನರಿಗೆ ಮಾತ್ರ ಟಿಕೆಟ್, ಅದೂ ಹೆಸರು ಹಾಕಿ ಕೊಡುತ್ತಾರೆ. ಅದರ ಬದಲು ಎರ್ಕೊಲಾನೋಗೆ ಹೋಗು. ಕ್ರಿ.ಶ. 79ರಲ್ಲಿ ಅದೇ ವೆಸುವಿಯಸ್ ಬೆಟ್ಟ ಹೂತುಹಾಕಿದ ಊರು ಅದು, ಹರ್ಕ್ಯುಲೇನಿಯಂ. ಚಿಕ್ಕದು, ಬಂದರಿಗೆ ಹತ್ತಿರ, ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು. ಸುಟ್ಟು ಇದ್ದಿಲಾದ ಮರದ ತೊಲೆ, ಬಾಗಿಲು ಇವತ್ತಿಗೂ ಹಾಗೇ ಇವೆ. ಪೊಂಪೇಯಲ್ಲಿ ಮರ ಹೀಗೆ ಉಳಿದಿಲ್ಲ. ಒಂದು ಮನೆಯ ಅಡುಗೆ ಒಲೆಯ ಮುಂದೆ ನಿಂತು ಅಮ್ಮ ಅಂದದ್ದು ಇಷ್ಟೇ: ‘ನಮ್ಮ ಹಳೇ ಮನೆ ಒಲೆ ಹಾಗೇ ಇದೆಯಲ್ಲೋ.’ ಅಲ್ಲಿಗೆ ರೈಲಿನಲ್ಲಿ ಹೋಗುವುದಾದರೆ ಜೇಬು ಜೋಪಾನ, ತುಂಬಾ ನೂಕುನುಗ್ಗಲು. ಟ್ಯಾಕ್ಸಿಯವನ ಜೊತೆ ಹೋಗಿ ಬರುವುದಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಕೊಂಡರೂ ಸರಿ.

ಸ್ಯಾಂಟೊರಿನಿಯಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಹಡಗಿನ ಟೂರ್ ತಗೋ. ಯಾಕೆ ಅಂತ ಹೇಳುತ್ತೇನೆ. ಅಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಜ್ವಾಲಾಮುಖಿ ಕುಸಿದು ಆದ ಆಳವಾದ ನೀರಿನಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ಇಳಿಯಬೇಕು. ಮೊದಲ ದೋಣಿಗಳು ಹಡಗಿನ ಟೂರ್‌ನವರಿಗೆ. ಅವರನ್ನು ಅಥಿನಿಯೋಸ್ ಅನ್ನುವ ಬೇರೆ ಬಂದರಿಗೆ ಕರೆದೊಯ್ದು ಅಲ್ಲಿಂದ ಬಸ್ಸು ಹತ್ತಿಸುತ್ತಾರೆ. ಉಳಿದವರು ನಂಬರ್ ಚೀಟಿ ಹಿಡಿದು ಕಾಯಬೇಕು, ಆಮೇಲೆ ಫಿರಾ ಊರಿನ ಬುಡದ ಹಳೇ ಬಂದರಿನಲ್ಲಿ ಇಳಿಯಬೇಕು. ಅಲ್ಲಿಂದ ಮೇಲೆ ಹೋಗಲು ಕೇಬಲ್ ಕಾರ್, ಇಲ್ಲದಿದ್ದರೆ 580ಕ್ಕೂ ಹೆಚ್ಚು ಮೆಟ್ಟಿಲು. ಕತ್ತೆಗಳೂ ಇವೆ, ಆ ಬಿಸಿಲಿನಲ್ಲಿ ಅವು ಪಡುವ ಪಾಡು ನೋಡಿದ ಮೇಲೆ ಹತ್ತಲು ನನಗೆ ಮನಸ್ಸಾಗಲಿಲ್ಲ. ಇಳಿಯುವಾಗ ಎಲ್ಲರಿಗೂ ಅದೇ ಕೇಬಲ್ ಕಾರ್ ಸಾಲು. ಒಂದೇ ದಿನ ಮೂರ್ನಾಲ್ಕು ಹಡಗು ಬಂದರೆ ಆ ಸಾಲು ಕರಗುವುದೇ ಇಲ್ಲ. ಸಿಗಂದೂರು ಲಾಂಚ್‌ಗೆ ನಾವು ಹೊಳೆಬಾಗಿಲಿನಲ್ಲಿ ಕಾದದ್ದು ನೆನಪಿದೆಯಾ, ಸೇತುವೆ ಆಗುವ ಮುಂಚೆ? ಕೊನೇ ಲಾಂಚ್ ಹೋಗಿಬಿಟ್ಟರೆ ಏನು ಗತಿ ಅಂತ ನಿನ್ನಪ್ಪ ಅವತ್ತು ಎಷ್ಟು ಸಲ ಕೇಳಿದ್ದರು! ಇಲ್ಲೂ ಅವರಿಗೆ ಅದೇ ಆತಂಕ ಆಗುತ್ತದೆ. ಸಂಜೆ ಬೇಗ ಸಾಲಿಗೆ ನಿಂತುಬಿಡಿ.

ಕುಶಾದಸಿಯಲ್ಲಿ ಧೈರ್ಯವಾಗಿ ಹೊರಗೆ ಬುಕ್ ಮಾಡು. ನೋಡಬೇಕಾದ್ದು ಎಫೆಸಸ್, ಪಾಳುಬಿದ್ದ ಹಳೇ ಊರು, ಬರೀ 20 ಕಿ.ಮೀ. ದೂರ. ಹಡಗಿನಲ್ಲಿ ಬರುವ ಪ್ರವಾಸಿಗರನ್ನೇ ನಂಬಿ ಬದುಕುವ ಗೈಡ್‌ಗಳು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಡಗಿನ ಹೊತ್ತು ಅವರಿಗೆ ಬಾಯಿಪಾಠ. ಒಂದು ಗುಂಪಿಗೆ ಹಡಗು ತಪ್ಪಿದರೆ ಅವರ ಹೆಸರು ಕೆಡುತ್ತದೆ, ಆ ಭಯ ಅವರಿಗಿದೆ. ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳು. ಹಡಗು ಬಂದರಿಗೆ ಬರದೇ ಹೋದರೆ ದುಡ್ಡು ವಾಪಸ್ ಕೊಡುತ್ತೀರಾ? ಕಾರ್ಪೆಟ್ ಅಂಗಡಿಗೆ ಹೋಗದೆ ಇರಬಹುದಾ? ಮೇಲಿನ ಗೇಟಿನಲ್ಲಿ ಬಿಟ್ಟು ಕೆಳಗಿನ ಗೇಟಿನಲ್ಲಿ ಕರೆದುಕೊಳ್ಳುತ್ತೀರಾ? ಈ ಮೂರನೆಯದು ಮುಖ್ಯ. ಎಫೆಸಸ್ ಇಳಿಜಾರಿನಲ್ಲಿದೆ. ಮೇಲಿನಿಂದ ಶುರು ಮಾಡಿದರೆ ಕೊನೆಯವರೆಗೂ ಇಳಿಯುತ್ತಾ ಹೋಗಬಹುದು, ಗ್ರಂಥಾಲಯದ ಆ ಎತ್ತರದ ಮುಖ ಕೆಳಗೆ ದಾರಿಯ ತುದಿಯಲ್ಲಿ ಕಾಣಿಸುತ್ತದೆ. ನೀವು ಮೂವರೇ ಆದ್ದರಿಂದ ಒಂದು ಕಾರು ಸಾಕು. ಹಡಗಿನ ಟೂರ್‌ನ ಮೂರು ಟಿಕೆಟ್ಟಿಗೆ ಹೋಲಿಸಿ ನೋಡು, ನಮಗಂತೂ ಉಳಿತಾಯವೇ ಆಯಿತು.

ಮರೆಯುವ ಮುಂಚೆ ಇನ್ನೊಂದು. ಇಟಲಿ ಬಿಟ್ಟು ಗ್ರೀಸ್ ಕಡೆ ಹೋಗುವಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಫೋನು ತಾನೇ ಬದಲಾಗುತ್ತದೆ, ಹಡಗಿನ ಗಡಿಯಾರ ಅದೇ ಹೊತ್ತಿಗೆ ಬದಲಾಗುತ್ತದೆ ಅಂತ ಏನಿಲ್ಲ. ನಿನ್ನ ಕೈಗಡಿಯಾರವನ್ನು ಹಡಗಿನ ಗಡಿಯಾರಕ್ಕೆ ಸರಿಮಾಡಿ ಇಟ್ಟುಕೋ. ನಾನು ಹೊರಗೆ ಹೋದಾಗಲೆಲ್ಲ ಹಡಗು ಹತ್ತಲು ಹೇಳಿದ ಹೊತ್ತಿಗಿಂತ ಎರಡು ಗಂಟೆ ಮುಂಚೆ ಬಂದರಿನ ಹತ್ತಿರ ಇರುತ್ತೇನೆ. ಅಲ್ಲೇ ಕಾಫಿ ಕುಡಿಯುತ್ತೇವೆ. ರೋಮ್ ದಿನದ ಮೇಲೆ ಅಮ್ಮನಿಗೆ ತುಂಬಾ ಇಷ್ಟವಾದದ್ದು ಆ ಕಾಫಿ ಹೊತ್ತು.

ಹಡಗಿನ ಟೂರ್ ಪಟ್ಟಿ ನಿನ್ನ ಆ್ಯಪ್‌ನಲ್ಲಿ ಬಂದಿರಬೇಕು. ಸ್ಯಾಂಟೊರಿನಿ ಪುಟದ ಫೋಟೋ ತೆಗೆದು ಇವತ್ತೇ ಕಳಿಸು, ಅದು ಬೇಗ ಭರ್ತಿಯಾಗುತ್ತದೆ. ಎಫೆಸಸ್‌ನಲ್ಲಿ ನೆರಳೇ ಇಲ್ಲ, ನಿನ್ನಮ್ಮನಿಗೆ ಒಂದು ಮಡಚುವ ಛತ್ರಿ ತಗೊಂಡು ಹೋಗು.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಗೆಳೆಯ