ಒರತೆಯ ಬಾಯಿ ಮುಚ್ಚಿ ಕಟ್ಟಿದ ತಡೆಗೋಡೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ತಡೆಗೋಡೆ ಕಟ್ಟಿದ ಗುತ್ತಿಗೆ ಸಂಸ್ಥೆ

ವಿಷಯ: ನನ್ನ ಮನೆಯ ಹಿಂದಿನ ಇಳಿಜಾರಿನಲ್ಲಿ ನೀವು ಕಟ್ಟಿದ ಕಲ್ಲಿನ ತಡೆಗೋಡೆ ಉಬ್ಬಿರುವುದು ಹಾಗೂ ನಿಮ್ಮ ಎಂಜಿನಿಯರ್ ನನ್ನೊಂದಿಗೆ ನಡೆದುಕೊಂಡ ರೀತಿ

ಮಾನ್ಯರೇ,

ಫೋನಿನಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿಯಾಗಿದೆ. ಪ್ರತಿ ಸಲವೂ "ಹುಡುಗರನ್ನು ಕಳಿಸುತ್ತೇವೆ" ಎಂಬ ಒಂದೇ ಉತ್ತರ. ಮೊನ್ನೆಯ ಮಳೆಯಾದ ಮೇಲೆ ಗೋಡೆಯ ನಡುಮಟ್ಟದಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟಿದೆ. ಮೇಲಿನ ಅಂಚಿನಿಂದ ತೂಕದ ಗುಂಡು ಇಳಿಬಿಟ್ಟರೆ ದಾರ ನಡುವಿನ ಉಬ್ಬಿಗೆ ತಾಗುತ್ತದೆ; ಬುಡದಲ್ಲಿ ದಾರಕ್ಕೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ತೂರುತ್ತವೆ. ಕಟ್ಟಿದಾಗ ನೆಟ್ಟಗಿದ್ದ ಗೋಡೆ ಇದು. ಇನ್ನು ಬಾಯಿಮಾತು ಸಾಕು, ಎಲ್ಲವೂ ಬರವಣಿಗೆಯಲ್ಲೇ ಇರಲಿ.

ಪಾಯ ತೋಡುವಾಗಲೇ ಒರತೆ ಕಣ್ಣಿಗೆ ಬಿದ್ದಿತ್ತು. ಮೇಲಿನ ಸಡಿಲ ಮಣ್ಣು ಮುಗಿದು ಬಿಗಿ ಜೇಡಿ ಶುರುವಾಗುವ ಗೆರೆಯಲ್ಲಿ ನೀರು ಜಿನುಗುತ್ತಿತ್ತು. ಅದು ಮಳೆನೀರಲ್ಲ, ಕಡುಬೇಸಿಗೆಯಲ್ಲೂ ಬತ್ತದ ಜಲ ಎಂದು ನಿಮ್ಮ ಮೇಲ್ವಿಚಾರಕರನ್ನು ಕರೆದು ತೋರಿಸಿದ್ದೇನೆ. ಏನು ಮಾಡಬೇಕೆಂಬುದು ನಿಮ್ಮ ನಕ್ಷೆಯಲ್ಲೇ ಇದೆ: ಗೋಡೆಯ ಬೆನ್ನಿಗೆ 300 ಮಿ.ಮೀ. ದಪ್ಪದ ಜಲ್ಲಿ, ಜಲ್ಲಿಯ ಸಂದಿಗೆ ಮಣ್ಣು ನುಗ್ಗದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಬುಡದಲ್ಲಿ ತೂತುಗಳಿರುವ ಪೈಪು, ಗೋಡೆಯಲ್ಲಿ ಒಂದೂವರೆ ಮೀಟರಿಗೊಂದರಂತೆ 100 ಮಿ.ಮೀ. ವ್ಯಾಸದ ನೀರುಕಿಂಡಿಗಳು. ಒರತೆಯ ಕಣ್ಣಿಗೆಂದೇ ಒಂದು ಸಣ್ಣ ತೊಟ್ಟಿ, ಅಲ್ಲಿಂದ ಗೋಡೆ ದಾಟಿ ಹೊರಕ್ಕೆ ಬೇರೆಯದೇ ಪೈಪು. ಕೆಳಗೆ ನಿಮ್ಮ ಮೊಹರು, ನಿಮ್ಮ ಸಹಿ.

ನಿಮ್ಮವರು ಮಾಡಿದ್ದು ಬೇರೆ. ಬೇಗ ಗಟ್ಟಿಯಾಗುವ ಗಾರೆ ಮೆತ್ತಿ ಒರತೆಯ ಬಾಯಿ ಮುಚ್ಚಿದರು. ಅಗೆದು ಹಾಕಿದ್ದ ಜೇಡಿಮಣ್ಣನ್ನೇ ಬೆನ್ನಿಗೆ ತುಂಬಿದರು. ಬಾಯಿ ಮುಚ್ಚಿದ ಮಾತ್ರಕ್ಕೆ ಒರತೆ ಸಾಯುವುದಿಲ್ಲ. ನೀರು ಒಳಗೇ ಏರುತ್ತದೆ, ಪಕ್ಕಕ್ಕೆ ಹರಡುತ್ತದೆ, ಗೋಡೆಯನ್ನು ತಳ್ಳುತ್ತದೆ. ಈ ಲೆಕ್ಕವನ್ನು ನಿಮಗೆ ನಾನು ಹೇಳಿಕೊಡಬೇಕಾಗಿ ಬಂದಿರುವುದೇ ನನ್ನ ಸಿಟ್ಟಿಗೆ ಕಾರಣ. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುದಿಯವರೆಗೆ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ನೀರೊಂದರದೇ ಸುಮಾರು 4.5 ಟನ್ ಬಲ ಬೀಳುತ್ತದೆ. ಮಣ್ಣಿನ ತಳ್ಳು ಅದರ ಜೊತೆಗೆ ಸೇರುತ್ತದೆ. ನೀರಿನ ಮಟ್ಟ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುತ್ತದೆ. ನೀರು ಬಸಿದು ಹೋಗುತ್ತದೆಂದು ನಂಬಿ ಲೆಕ್ಕ ಹಾಕಿದ ಗೋಡೆಗೆ ನೀರನ್ನು ಹೊರಿಸಿದ್ದೀರಿ.

ಇನ್ನು ನಿಮ್ಮ ಸೈಟ್ ಎಂಜಿನಿಯರ್ ಬಂದ ದಿನದ ಮಾತು. ಗೇಟಿನಲ್ಲೇ ನಿಂತು, "ಮೇಡಂ, ಮನೆಯಲ್ಲಿ ಯಜಮಾನರಿದ್ದರೆ ಕರೆಯಿರಿ, ಅವರಿಗಾದರೆ ಅರ್ಥವಾಗುತ್ತದೆ" ಎಂದರು. ಒಪ್ಪಂದಕ್ಕೆ ಸಹಿ ಹಾಕಿದವಳು ನಾನು, ಹಣ ಕೊಟ್ಟವಳೂ ನಾನೇ ಎಂದೆ. ಗೋಡೆಯನ್ನು ದೂರದಿಂದಲೇ ನೋಡಿ, "ಹೊಸ ಕಟ್ಟಡ ಬೆವರುತ್ತದೆ" ಎಂದರು. ಬೆವರು ಹೀಗೆ ಧಾರೆಯಾಗಿ ಇಳಿಯುತ್ತದೆಯೇ ಎಂದು ಕೇಳಿದೆ. ಹಾಗಾದರೆ ನಿಮ್ಮ ಬಚ್ಚಲಿನ ನೀರೇ ಸೋರುತ್ತಿದೆ ಎಂದರು. ಬಚ್ಚಲಿಗೆ ಕರೆದೊಯ್ದು ನಲ್ಲಿಗಳನ್ನೆಲ್ಲ ತೋರಿಸಿದೆ. ಅವರ ಎದುರಿಗೇ ಟ್ಯಾಂಕಿನ ವಾಲ್ವ್ ಮುಚ್ಚಿದೆ. ನಾವೆಲ್ಲ ಗೋಡೆಯ ಮುಂದೆ ಕಾದು ನಿಂತೆವು. ಧಾರೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆಗ ಅವರು ನೀರಿಗೆ ಬೆರಳದ್ದಿ ಮೂಸಿ, "ಸೋಪಿನ ವಾಸನೆ" ಎಂದರು. ಜೊತೆಗಿದ್ದ ಇಬ್ಬರು ಕೆಲಸಗಾರರನ್ನು ಕರೆದು ಮೂಸಿಸಿದರು. ಒಬ್ಬ ತಲೆಯಾಡಿಸಿದ, ಇನ್ನೊಬ್ಬ ಮುಖ ತಿರುಗಿಸಿಕೊಂಡು ನಕ್ಕ. ಕೊನೆಗೆ ಚೀಲದಿಂದ ಮೊದಲೇ ಟೈಪ್ ಮಾಡಿ ತಂದಿದ್ದ ಕಾಗದ ಹೊರಬಂತು: "ಸೋರಿಕೆಗೆ ಮಾಲೀಕರೇ ಹೊಣೆ." ಗೋಡೆ ನೋಡುವ ಮೊದಲೇ ತೀರ್ಪು ಸಿದ್ಧವಾಗಿತ್ತು! ನಾನು ಸಹಿ ಹಾಕಲಿಲ್ಲ. "ಎಂಜಿನಿಯರಿಂಗ್ ಓದಿದವರು ನಾವೋ ನೀವೋ" ಎಂದು ಕೇಳಿ ಹೊರಟುಹೋದರು. ನಲ್ಲಿ ತಿರುಗಿಸಿ ತೋರಿಸುತ್ತಾ ನನ್ನ ಮನೆಯಲ್ಲೇ ನಾನು ಕಳ್ಳಿಯಂತೆ ನಿಲ್ಲಬೇಕಾಯಿತು. ಇದನ್ನು ನಾನು ಮರೆಯುವುದಿಲ್ಲ.

ಅವರು ಹೋದ ಮೇಲೆ ಕಬ್ಬಿಣದ ಸರಳನ್ನು ನೀರುಕಿಂಡಿಯೊಳಗೆ ತೂರಿಸಿ ನೋಡಿದೆ. ಒಂದು ಗೇಣು ಹೋಗಿ ಗಟ್ಟಿ ಕಲ್ಲಿಗೆ ಬಡಿಯಿತು. ಪಕ್ಕದ್ದೂ ಹಾಗೆಯೇ, ಅದರ ಪಕ್ಕದ್ದೂ ಹಾಗೆಯೇ. ಪೈಪಿನ ತುಂಡುಗಳನ್ನು ಮುಂಭಾಗಕ್ಕೆ ಸಿಕ್ಕಿಸಿ ಸುತ್ತ ಗಾರೆ ಹಚ್ಚಿದ್ದಾರೆ. ನೀರು ಬರಬೇಕಾದ ಕಿಂಡಿಗಳು ಒಣಗಿವೆ, ಕಲ್ಲಿನ ಸಂದುಗಳಲ್ಲಿ ಬಿಳಿ ಉಪ್ಪು ಒಸರಿ ಗೆರೆಗಟ್ಟಿದೆ. ಇದನ್ನು ತಪ್ಪು ಎನ್ನಲಾರೆ, ಮೋಸ ಎನ್ನುತ್ತೇನೆ.

ಈಗ ಬಿರುಕಿನಿಂದ ಬರುತ್ತಿರುವ ನೀರು ತಿಳಿಯಾಗಿಲ್ಲ, ಕೆಂಪಗಿದೆ. ಎಂದರೆ ಗೋಡೆಯ ಹಿಂದಿನ ಮಣ್ಣು ಕೊಚ್ಚಿ ಬರುತ್ತಿದೆ, ಒಳಗೆ ಪೊಳ್ಳಾಗುತ್ತಿದೆ. ಮೇಲ್ಗಡೆ ನೆಲ ತಟ್ಟೆಯಷ್ಟಗಲ ಕುಸಿದಿರುವುದನ್ನೂ ಕಂಡಿದ್ದೇನೆ. ಗೋಡೆಯ ಕೆಳಗೆ ಮಕ್ಕಳು ಓಡಾಡುವ ದಾರಿಯಿದೆ. ಹಗ್ಗ ಕಟ್ಟಿ ಅದನ್ನು ಮುಚ್ಚಿದ್ದೇನೆ. ಅದು ನೀವು ಮಾಡಬೇಕಿದ್ದ ಕೆಲಸ.

ಮೊದಲು ಗೋಡೆಯ ಮುಂಭಾಗದಿಂದ ಕೊರೆದು, ಹೊರಕ್ಕೆ ಇಳಿಜಾರಿರುವಂತೆ ತೂತುಪೈಪು ತೂರಿಸಿ ಒಳಗಿನ ನೀರಿನ ಮಟ್ಟ ಇಳಿಸಿ. ಬಳಿಕ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಜೇಡಿಮಣ್ಣು ತೆಗೆದು ಜಲ್ಲಿ ತುಂಬಿ, ಉಬ್ಬಿದ ಭಾಗ ಬಿಚ್ಚಿ ಕಟ್ಟಿ. ಒರತೆಗೆ ತೊಟ್ಟಿ ಮಾಡಿ, ಹೂಳು ತೆಗೆಯಲು ಮುಚ್ಚಳವಿರಲಿ. ಹೊರಬಂದ ನೀರು ಗೋಡೆಯ ಬುಡದಲ್ಲೇ ನಿಂತರೆ ಪಾಯ ಮೆತ್ತಗಾಗುತ್ತದೆ. ಅದನ್ನು ಕಾಲುವೆಯಲ್ಲಿ ದೂರ ಸಾಗಿಸಿ. ಹೊರಗಿನಿಂದ ಗಾರೆ ಬಳಿದು ಬಿರುಕು ಮುಚ್ಚಲು ಬಂದವರನ್ನು ಗೇಟಿನಿಂದಲೇ ವಾಪಸು ಕಳಿಸುತ್ತೇನೆ.

ಪತ್ರ ತಲುಪಿದ 7 ದಿನಗಳೊಳಗೆ ಕೆಲಸ ಶುರುವಾಗದಿದ್ದರೆ ಬೇರೆ ಎಂಜಿನಿಯರ್ ಸಮ್ಮುಖದಲ್ಲಿ ಗೋಡೆಯ ಬೆನ್ನು ಬಗೆಸುತ್ತೇನೆ. ತುಂಡುಪೈಪುಗಳನ್ನು ಒಂದೊಂದಾಗಿ ಕಿತ್ತು ಚಿತ್ರ ತೆಗೆಸುತ್ತೇನೆ. ಆ ಚಿತ್ರಗಳು, ನಿಮ್ಮ ಸಹಿಯಿರುವ ನಕ್ಷೆ, ನಿಮ್ಮ ಎಂಜಿನಿಯರ್ ಬಿಟ್ಟುಹೋದ ಆ ಕಾಗದ, ಮೂರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ನಿಮ್ಮಿಂದ ಇಳಿಜಾರಿನಲ್ಲಿ ಗೋಡೆ ಕಟ್ಟಿಸಿಕೊಂಡ ಪ್ರತಿಯೊಬ್ಬರ ಮನೆಗೂ ಒಂದು ಸರಳು ಹಿಡಿದು ನಾನೇ ಹೋಗುತ್ತೇನೆ, ಅವರ ಕಿಂಡಿಗಳಲ್ಲೂ ತೂರಿಸಿ ನೋಡಿ ಎಂದು ಹೇಳುತ್ತೇನೆ.

ಇತಿ,
ಒಪ್ಪಂದಕ್ಕೆ ಸಹಿ ಹಾಕಿದ ಮನೆಯ ಮಾಲೀಕಳು