ನೀನು ರೊಟ್ಟಿ ಹಾಕಿದ ನಾಯಿ

ಪ್ರೀತಿಯ ಸಿಂಧೂ,

ನಿನ್ನ ಪತ್ರ ಬಂದು ಆರು ದಿನ ಆಯಿತು. ಚಳಿ, ಊಟ, ಕೆಲಸದ ವಿಷಯ ಎಲ್ಲಾ ನಿನ್ನಮ್ಮ ಹೇಳಿದ್ದಾಳೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಮೂರನೇ ಪುಟದ ಕೊನೆಗೆ ಬರೆದಿದ್ದೀಯಲ್ಲ, 'ದೊಡ್ಡಪ್ಪ, ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕನ್ನು ಸುತ್ತುಗಟ್ಟಿದ್ದ ನಾಯಿಗಳಲ್ಲಿ ನಾನು ದಿನಾ ರೊಟ್ಟಿ ಹಾಕುವ ನಾಯಿಯೂ ಇತ್ತು' ಅಂತ. ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ.

ನೀನಿರುವ ಲಡಾಖ್‌ನ ಹಾನ್ಲೆಯನ್ನು ನಾನು ಕಂಡವನಲ್ಲ. ಅಲ್ಲಿನ ಬೆಟ್ಟದ ಮೇಲಿರುವ ದುರ್ಬೀನನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ ಅನ್ನುವುದಷ್ಟೇ ಗೊತ್ತಿತ್ತು. ಆದರೆ ನೀನು ಬರೆದದ್ದು ಕಣ್ಣಿಗೆ ಕಟ್ಟಿದೆ. ಬಂಡೆಗೆ ಬೆನ್ನು ಕೊಟ್ಟು ಕೂತ ಪ್ರಾಣಿ. ಹಿಂದಕ್ಕೆ ಮಡಚಿದ ಕಿವಿ, ಅದರ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಐದು ನಾಯಿ ಬೊಗಳುತ್ತಿವೆ, ಅದು ಒಂದೊಂದರ ಮುಖವನ್ನೂ ನೋಡುತ್ತಿದೆ. ಕೊನೆಗೆ ಬಂಡೆ ಹತ್ತಿ ಹೋಯಿತು ಅಂತ ಓದಿದ ಮೇಲೇ ನಾನು ಉಸಿರು ಬಿಟ್ಟದ್ದು.

ನಿನಗೆ ಸಮಾಧಾನ ಹೇಳೋಣ ಅಂತ ಲೈಬ್ರರಿಗೆ ಹೋಗಿ ಓದಿದೆ. ಲಿಂಕ್ಸ್‌ನಲ್ಲಿ ನಾಲ್ಕು ಜಾತಿ. ಕೆನಡಾದ್ದು ಹಿಮದ ಮೊಲವನ್ನೇ ನಂಬಿಕೊಂಡದ್ದು. ಹತ್ತು ವರ್ಷಕ್ಕೊಂದು ಸಲ ಮೊಲ ಕಡಿಮೆಯಾದಾಗ ಅದೂ ಕಡಿಮೆಯಾಗುತ್ತದೆ. ಸ್ಪೇನಿನದು ಮೊಲಗಳಿಗೆ ರೋಗ ಬಡಿದು, ಬೇಟೆಗೂ ಸಿಕ್ಕಿ, 2002ರ ಹೊತ್ತಿಗೆ ನೂರಕ್ಕಿಂತ ಕಡಿಮೆ ಉಳಿದಿತ್ತಂತೆ. ಅಲ್ಲಿನವರು ಕೈಬಿಡಲಿಲ್ಲ. ಸಾಕಿ ಮರಿ ಮಾಡಿಸಿದರು, ಮೊಲ ಹೆಚ್ಚಿಸಿದರು, ಕಾಡಿಗೆ ಬಿಟ್ಟರು. ಈಗ 2,000 ದಾಟಿದೆ. ಈಗ ಅಲ್ಲಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸಾಯುವುದೇ ದೊಡ್ಡ ಕಾಟ. ಅಮೆರಿಕದ ಬಾಬ್‌ಕ್ಯಾಟ್‌ ಹೇಗೋ ಎಲ್ಲಾ ಕಡೆ ಹೊಂದಿಕೊಂಡಿದೆ. ನೀನು ಕಂಡದ್ದು ಯುರೇಷಿಯಾದ ಲಿಂಕ್ಸ್, ಯುರೋಪಿನಿಂದ ಸೈಬೀರಿಯಾ, ಟಿಬೆಟ್‌ವರೆಗೂ ಇದೆ. ಒಟ್ಟು ಲೆಕ್ಕದಲ್ಲಿ ಅದಕ್ಕೆ ಅಪಾಯವಿಲ್ಲ ಅಂತಾರೆ. ಆದರೆ ನೀನು ಕೇಳಿದ್ದು ಒಟ್ಟು ಲೆಕ್ಕವನ್ನಲ್ಲ, ಆ ಬಂಡೆಯ ಮೇಲಿನ ಒಂದನ್ನು. ನಿನ್ನ ರೊಟ್ಟಿಯ ಬಗ್ಗೆ.

ಅದಕ್ಕೇ ಇದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ನಾನು ಮಧುಗಿರಿ ಕಡೆ ಮೇಷ್ಟ್ರಾಗಿದ್ದೆನಲ್ಲ, ಮೈದನಹಳ್ಳಿಯ ಹುಲ್ಲುಗಾವಲು ಹತ್ತಿರ. ಕೃಷ್ಣಮೃಗಗಳ ಬಯಲು ಅದು. ಒಬ್ಬನೇ ಇದ್ದೆ, ಬೇಜಾರು. ರಾತ್ರಿ ಉಳಿದ ಮುದ್ದೆಯನ್ನು ಮೂರು ನಾಯಿಗಳಿಗೆ ಹಾಕುತ್ತಿದ್ದೆ. ಒಂದು ಬೆಳಗ್ಗೆ, ಇನ್ನೂ ಇಬ್ಬನಿ ಆರಿರಲಿಲ್ಲ, ಅದರಲ್ಲೊಂದು ಬಾಲ ಆಡಿಸುತ್ತಾ ಬಂದು ನನ್ನ ಪಂಚೆಗೆ ಮೂತಿ ಉಜ್ಜಿತು. ಪಂಚೆಯ ಅಂಚು ಕೆಂಪಾಯಿತು. ತಾಯಿ ಕೃಷ್ಣಮೃಗ ಹುಲ್ಲಿನಲ್ಲಿ ಅಡಗಿಸಿಟ್ಟು ಹೋಗಿದ್ದ ಮರಿಯ ರಕ್ತ ಅದು. ಕಾಲು ಅಂದರೆ ನನ್ನ ಬೆರಳಿನಷ್ಟು ಸಣ್ಣ.

ಕುರಿಗಾಹಿಗಳು ಬಂದು ನೋಡಿ 'ತೋಳದ ಕೆಲಸ ಮೇಷ್ಟ್ರೇ' ಅಂದರು. ನಾನು ಹೂಂ ಅಂದೆ. ಪಂಚೆ ಒಗೆದು ಹಾಕಿದೆ. ಅವರು ಆ ವಾರವೆಲ್ಲಾ ತೋಳದ ಗವಿ ಹುಡುಕಿದರು. ನಾನು ಬಾಯಿ ಬಿಡಲಿಲ್ಲ. ಸಿಂಧೂ, ಮುದ್ದೆ ಹಾಕಿದ್ದಕ್ಕಿಂತ ಆ ಹೂಂ ಅಂದದ್ದು ನನ್ನನ್ನು ಜಾಸ್ತಿ ಸುಡುತ್ತದೆ.

ನೀನು ಹಾಗೆ ಮಾಡಲಿಲ್ಲ. ಕಂಡದ್ದನ್ನು ಬರೆದೆ.

ಲಡಾಖ್‌ನಲ್ಲಿ ನಾಯಿ ಹೆಚ್ಚಾದದ್ದು ನಿನ್ನ ಒಂದು ರೊಟ್ಟಿಯಿಂದಲ್ಲ. ಶಿಬಿರಗಳ, ಹೋಟೆಲುಗಳ ಎಸೆದ ಅನ್ನದಿಂದ. ಆ ನಾಯಿಗಳು ಮೊಲ ಹಿಡಿಯುತ್ತವೆ, ಕೊಕ್ಕರೆಯ ಮೊಟ್ಟೆ ತಿನ್ನುತ್ತವೆ, ಡಿಸ್ಟೆಂಪರ್ ತರಹದ ರೋಗವನ್ನೂ ಹರಡಬಲ್ಲವು. ಆದರೆ ಅದರಲ್ಲಿ ನಿನ್ನ ರೊಟ್ಟಿಯ ಪಾಲೇ ಇಲ್ಲ ಅಂತ ನಾನು ಹೇಗೆ ಹೇಳಲಿ? ಹೇಳಿದರೆ ನೀನು ನಂಬುವುದಿಲ್ಲ.

ಏನು ಮಾಡಬೇಕು ಅಂತ ಕೇಳಿದ್ದೀಯ. ಇಲ್ಲಿ ಕೂತು ಹೇಳೋಕೆ ನನಗೆ ಸಂಕೋಚ. ಚಳಿಯಲ್ಲಿ ನಡುಗುವ ನಾಯಿಗೆ ಕದ ಮುಚ್ಚು ಅಂತ ಹೇಳಲಾರೆ. ಹಾಕುವುದಾದರೆ ಆ ಒಂದಕ್ಕೆ, ಅಂಗಳದೊಳಗೇ ಹಾಕು, ಉಳಿದದ್ದನ್ನು ಹೊರಗೆ ಎಸೆಯಬೇಡ. ಪಶುವೈದ್ಯರು ಮರಿ ಆಗದ ಹಾಗೆ ಆಪರೇಷನ್ ಮಾಡಲು ಬಂದಾಗ ಅದನ್ನು ಹಿಡಿದುಕೊಡು, ಲಸಿಕೆಯನ್ನೂ ಹಾಕಿಸು. ಲಿಂಕ್ಸ್ ಮತ್ತೆ ಕಂಡರೆ ಫೋಟೋಗೆ ಅಂತ ಹತ್ತಿರ ಹೋಗಬೇಡ, ಮರಿ ಜೊತೆಗಿದ್ದರಂತೂ ಬೇಡವೇ ಬೇಡ.

ಇನ್ನೊಂದು. ಮನೆಯೊಡತಿಯ ಮೇಕೆಮರಿ ಯಾವತ್ತಾದರೂ ಸತ್ತರೆ, ಲಿಂಕ್ಸ್ ಕೂಡ ಒಮ್ಮೊಮ್ಮೆ ಹಿಡಿಯುತ್ತದೆ ನಿಜ, ಆದರೆ ಮೊದಲು ಹಿಮದಲ್ಲಿ ಹೆಜ್ಜೆ ನೋಡು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ಲಿಂಕ್ಸ್ ಉಗುರು ಒಳಗೆಳೆದುಕೊಂಡು ನಡೆಯುತ್ತದೆ, ದುಂಡು ಗುರುತು, ಅಗಲ ಪಾದ. ಉಗುರು ಕಂಡರೆ ಆಗಲೇ ಬಾಯಿ ಬಿಟ್ಟು ಹೇಳು. ನಾನು ಹೇಳಲಿಲ್ಲ.

ಆ ಲಿಂಕ್ಸ್ ಆಮೇಲೆ ಕಂಡಿತಾ? ಕಾಣದಿದ್ದರೂ ಬರೆ. ಆ ನಾಯಿ ಹೆಣ್ಣೋ ಗಂಡೋ ಅನ್ನುವುದನ್ನೂ ಬರೆ. ಹೆಣ್ಣಾದರೆ ಮರಿ ಹಾಕುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ನಿನ್ನ ದೊಡ್ಡಪ್ಪ